ಎರಡನೇ ಸಲದ ಹಾಡು

ಜಾವಗಲ್
10-1-2025

ಅಣ್ಣಾ,

ತಂಗಿ ಕಾಗದ ಬರೆದಿದ್ದಾಳೆಂದ ಕೂಡಲೆ ಯಾರೋ ಸತ್ತರು ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಸಾಯಬಾರದು ಅಂತಲೇ ಬರೆಯುತ್ತಿದ್ದೇನೆ.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಚಾಳಿ ನನಗೆ ಗೊತ್ತು. ಕಿವಿ ಮಂದ ಅಂತ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀಯ. ನಿನ್ನ ಅಂಗಡಿಯೋ ಅರೇಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ. ನಾನಿಲ್ಲಿ ಸೀನಿದರೆ ಅಲ್ಲಿ ಬಸ್ಸಿಗೆ ಕಾಯುವವರು ಶೀತವಾಯಿತಾ ಎಂದು ಕೇಳುತ್ತಾರೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಕೊಬ್ಬರಿ ರೇಟು ನೋಡಲು ಇವರು ನನ್ನ ಫೋನನ್ನೇ ಎತ್ತಿಕೊಳ್ಳುತ್ತಾರೆ. ಅದಕ್ಕೇ ಈ ಕಾಗದ. ನೀನು ಉತ್ತರ ಬರೆದರೆ ಮನೆಗೆ ಬೇಡ, ನಾನು ಕೆಲಸ ಮಾಡುವ ಅಂಗನವಾಡಿಯ ವಿಳಾಸಕ್ಕೆ ಬರೆ.

ಫೆಬ್ರವರಿ ಹದಿನಾರು, ಭಾನುವಾರ ಬೆಳಿಗ್ಗೆ ಹಳೇಬೀಡಿನ ಸಮುದಾಯ ಭವನದಲ್ಲಿ ಲಕ್ಷ್ಮೀಶ ಮೇಷ್ಟ್ರ ಹೊಸ ನಾಟಕ ಇದೆಯಲ್ಲ, ಅದರಲ್ಲಿ ಇವರದು ದಂಡನಾಯಕನ ಪಾತ್ರ. ನಿನಗೂ ಕರಪತ್ರ ಬಂದಿರುತ್ತದೆ. ಅದರಲ್ಲಿ ಇಂದ್ರೇಶ್ ಎನ್ನುವ ಹೆಸರು ಎಲ್ಲಕ್ಕಿಂತ ದಪ್ಪಗಿದೆ.

ಆದರೆ ಅಣ್ಣಾ, ಕಾರ್ತಿಕ ಕಳೆದ ಮೇಲೆ ಇವರಿಗೆ ಎದೆಯಲ್ಲಿ ಏನೋ ಒತ್ತಿದ ಹಾಗಾಗುತ್ತದೆ ಅಂತ ಹಾಸನಕ್ಕೆ ಹೋಗಿದ್ದೆವು. ಸ್ಕ್ಯಾನ್ ಮಾಡಿದರು. ಎದೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ತೆಳ್ಳಗಾಗಿ ಉಬ್ಬಿದೆಯಂತೆ. ಹಳೆಯ ಸೈಕಲ್ ಟ್ಯೂಬು ಉಬ್ಬಿರುತ್ತದಲ್ಲ, ಹಾಗೆ. ಭಾರ ಎತ್ತಬಾರದು, ಕೂಗಬಾರದು, ಉಸಿರು ಕಟ್ಟಿ ಯಾವುದನ್ನೂ ಮಾಡಬಾರದು, ಒಡೆದರೆ ಆಸ್ಪತ್ರೆ ಮುಟ್ಟುವುದೇ ಕಷ್ಟ ಎಂದರು. ಮೈಸೂರಿನಲ್ಲಿ ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಆಪರೇಷನ್ ಅಂತ ನಿಗದಿಯಾಗಿದೆ. ಇನ್ನೂ ಮುಂಚೆ ಮಾಡುತ್ತಿದ್ದರು. ಇವರೇ ನಾಟಕ ಮುಗಿಯಲಿ ಎಂದರು.

ನಾನು ಅತ್ತು ಕಾಲು ಹಿಡಿದೆ. "ನಾಟಕ ಇಲ್ಲ ಅಂದ್ರೆ ಆಪರೇಷನ್ನೂ ಇಲ್ಲ. ಮೇಷ್ಟ್ರ ಕಿವಿಗೆ ಈ ಮಾತು ಬಿದ್ದು ಪಾತ್ರ ಬೇರೆಯವರಿಗೆ ಹೋಯ್ತೋ, ನಾನು ಮೈಸೂರಿನ ದಿಕ್ಕಿಗೂ ತಲೆ ಹಾಕಲ್ಲ" ಎಂದು ಹೇಳಿ ಮಕ್ಕಳ ತಲೆಯ ಮೇಲೆ ನನ್ನ ಕೈ ಇಡಿಸಿದರು. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ.

ನಾಟಕದಲ್ಲಿ ದಂಡನಾಯಕ ಯುದ್ಧಕ್ಕೆ ಹೊರಡುವಾಗ ಒಂದು ಹಾಡಿದೆ. ಎತ್ತರದ ಹಾಡು, ಕೊನೆಯಲ್ಲಿ ಉಸಿರು ಬಿಡದೆ ಎಳೆಯಬೇಕು. ದಿನಾ ನಮ್ಮ ಕೊಬ್ಬರಿ ಗೋದಾಮಿನಲ್ಲಿ ಇವರು ಅದನ್ನು ಒಂದು ಸಲ ಹಾಡಿ, ಬೆವರು ಒರೆಸಿಕೊಂಡು ಗೋಡೆಗೆ ಒರಗಿ ಕೂರುತ್ತಾರೆ. "ಒಂದ್ಸಲ ಹೆಂಗೋ ಹಾಡಿ ಮುಗಿಸ್ತೀನಿ ಕಣೇ. ಎರಡನೇ ಸಲದ್ದು ನನ್ನ ಕೈಲಿಲ್ಲ, ಜನದ ಕೈಲೈತೆ" ಎನ್ನುತ್ತಾರೆ.

ನನ್ನ ಭಯ ಆ ಎರಡನೇ ಸಲದ್ದು. ವನ್ಸ್ ಮೋರ್ ಕೂಗು ಬೀಳುವುದನ್ನೇ ಮೇಷ್ಟ್ರ ಹಾರ್ಮೋನಿಯಂ ಕಾಯುತ್ತಿರುತ್ತದೆ. ಬಿತ್ತೋ, ಪಲ್ಲವಿ ಎತ್ತಿಯೇಬಿಡುತ್ತಾರೆ. ಪಲ್ಲವಿ ಎತ್ತಿದ ಮೇಲೆ ಹಾಡದೆ ಒಳಗೆ ಹೋದ ಪಾತ್ರಧಾರಿ ನಮ್ಮ ಎರಡು ತಾಲ್ಲೂಕಿನಲ್ಲಿ ಯಾರೂ ಇಲ್ಲ. ಹಾಗೆ ಹೋದರೆ ಜನಕ್ಕೆ ಮಾಡಿದ ಅವಮಾನ.

ಆ ಮೊದಲ ಕೂಗು ಯಾರದು ಅಂತ ಬೇಲೂರಿನಿಂದ ಅರಸೀಕೆರೆವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ನೀನು ಎದ್ದರೆ ಸಭೆ ಏಳುತ್ತದೆ. ನೀನು ಎಲೆಅಡಿಕೆ ಅಗಿಯುತ್ತ ಕೂತರೆ ಸಭೆಯೂ ಕೂರುತ್ತದೆ. ಇಷ್ಟು ವರ್ಷ ನಿನ್ನ ಗಂಟಲಿನಿಂದ ನಮಗೆಲ್ಲ ನಾಚಿಕೆಯಾಗುತ್ತಿತ್ತು. ಈಗ ಅದೇ ಗಂಟಲಿಗೆ ಕೈ ಮುಗಿದು ಕೇಳುತ್ತಿದ್ದೇನೆ. ಅವತ್ತು ಒಂದು ದಿನ ಕೂತಿರು.

ದಾಕ್ಷಾಯಣಿ


ಅರೇಹಳ್ಳಿ
16-1-2025

ದಾಕ್ಷೀ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಅರ್ಧ ಎಳೆದೆ. ಸಂಕ್ರಾಂತಿಯ ಎಳ್ಳು ಜಗಿಯುತ್ತಿದ್ದವನು ಪೊಟ್ಟಣ ಮಡಿಸಿ ಇಟ್ಟೆ. ಇಂದ್ರೇಶ್ ಕಳೆದ ತಿಂಗಳು ನಮ್ಮ ಮನೆಗೆ ಬಂದಾಗ ಗಟ್ಟಿಮುಟ್ಟಾಗಿ ಕೂತು ಒಬ್ಬಟ್ಟು ತಿಂದು ಹೋದರಲ್ಲೇ. ಒಳಗೆ ಅಂಥದ್ದನ್ನು ಇಟ್ಟುಕೊಂಡಿದ್ದಾರೆ ಅಂತ ಯಾರಿಗೆ ಗೊತ್ತಾಗುತ್ತದೆ?

ನೀನು ಹೆದರಬೇಡ. ಈ ವಿಷಯದಲ್ಲಿ ನಿನ್ನ ಅಣ್ಣನಿಗಿಂತ ತಿಳಿದವರಿಲ್ಲ, ಇದು ಜಂಬದ ಮಾತಲ್ಲ. ಜನ ಚಪ್ಪಾಳೆ ತಟ್ಟುವುದು ತಾನಾಗಿ ಅಂತ ನೀವೆಲ್ಲ ತಿಳಿದಿದ್ದೀರಿ. ಚಪ್ಪಾಳೆ ತಾನಾಗಿ ಬರುತ್ತದೆ, ನಿಜ. ಆದರೆ ವನ್ಸ್ ಮೋರ್ ಹಾಗಲ್ಲ. ಒಳ್ಳೆಯ ಹಾಡು ನಿಂತ ಮೇಲೆ ಒಂದು ಉಸಿರಿನಷ್ಟು ಹೊತ್ತು ಸಭೆ ಗಪ್‌ಚಿಪ್ ಆಗಿರುತ್ತದೆ. ಕೂಗಲೋ ಬೇಡವೋ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ಯಾರೋ ಒಬ್ಬ ಎದ್ದನೋ, ಮುಗಿಯಿತು. ಯಾರೂ ಏಳಲಿಲ್ಲವೋ, ಚಪ್ಪಾಳೆ ತಟ್ಟಿ ಮುಂದಿನ ಸೀನಿಗೆ ಕಾಯುತ್ತಾರೆ. ಆ ಒಂದು ಉಸಿರು ನನ್ನ ಕೈಯಲ್ಲಿದೆ ಅಂತ ಇಟ್ಟುಕೋ.

ಉಪಾಯವನ್ನೂ ಮಾಡಿದ್ದೇನೆ. ನಮ್ಮ ಕುಮಾರಸ್ವಾಮಿ, ಶಶಿಧರ್ ಇಬ್ಬರನ್ನೂ ದೊಡ್ಡ ಹಾರ ಹಿಡಿಸಿ ಮೆಟ್ಟಿಲ ಹತ್ತಿರವೇ ಕೂರಿಸುತ್ತೇನೆ. ಹಾಡು ನಿಂತ ತಕ್ಷಣ ಅವರು ವೇದಿಕೆ ಹತ್ತಿ ಹಾರ ಹಾಕಬೇಕು. ಮೈಕಿನವನು ಹಾರ ಹಾಕಿದವರ ಹೆಸರು ಕೂಗುವಷ್ಟರಲ್ಲಿ ಆ ಉಸಿರು ದಾಟಿಹೋಗಿರುತ್ತದೆ. ಉಳಿದ ನಮ್ಮ ಹುಡುಗರನ್ನು ಅಲ್ಲಲ್ಲಿ ಹಂಚಿ ಕೂರಿಸಿ, ಎದ್ದವರ ಅಂಗಿ ಜಗ್ಗಿ ಅಂತ ಹೇಳುತ್ತೇನೆ. ಯಾಕೆ ಅಂತ ಯಾರಿಗೂ ಹೇಳಿಲ್ಲ. ನಾಟಕ ತಡವಾಗುತ್ತದೆ ಅಂದಿದ್ದೇನೆ.

ಹೇಮಾಗೆ ಮಾತ್ರ ಹೇಳಿದೆ, ಕ್ಷಮಿಸು. ಹೆಂಡತಿಯ ಹತ್ತಿರ ಮುಚ್ಚಿಡುವ ವಿದ್ಯೆ ನನಗೆ ಬಾರದು. "ಕುರಿ ಕಾಯೋಕೆ ತೋಳನ್ನ ಬಿಟ್ಟಂಗಾಯ್ತು ಕಣ್ರೀ" ಎಂದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ಅಣ್ಣ
ಇಂದುಧರ


ಜಾವಗಲ್
22-1-2025

ಅಣ್ಣಾ,

ನಿನ್ನ ಕಾಗದ ಬಂದ ದಿನ ಹೊಟ್ಟೆ ತುಂಬ ಉಂಡೆ. ನಾಕು ದಿನವೂ ಆಗಲಿಲ್ಲ, ಮತ್ತೆ ಅನ್ನ ಇಳಿಯುತ್ತಿಲ್ಲ.

ಮೊನ್ನೆ ಸಂಜೆ ಇವರು ಗೋದಾಮಿನಲ್ಲಿ ಆ ಹಾಡು ಹಾಡಿ ಮುಗಿಸಿದರು. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ, ಅದು ಅವರಿಗೆ ಗೊತ್ತಿಲ್ಲ. ಪಕ್ಕದ ಮನೆಯ ಲಲಿತಮ್ಮ ಗೋಡೆಯ ಆಚೆಯಿಂದ ಚಟಚಟ ಅಂತ ಚಪ್ಪಾಳೆ ತಟ್ಟಿ, "ಎಷ್ಟು ಚೆಂದಾಗೈತೆ ಇಂದ್ರೇಶಪ್ಪ, ಇನ್ನೊಂದ್ಸಲ ಹೇಳಪ್ಪ" ಎಂದರು. ಒಬ್ಬ ಮುದುಕಿಯ ಚಪ್ಪಾಳೆ, ಅದೂ ಗೋಡೆಯ ಆಚೆಯಿಂದ. ಅಷ್ಟಕ್ಕೇ ಇವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ನನಗೆ ಏನು ಮಾಡಲೂ ತೋಚದೆ ಅಲ್ಲಿದ್ದ ನೀರಿನ ಬಕೆಟನ್ನು ಒದ್ದೆ. ಗೋದಾಮಿನ ಒಳಗೆಲ್ಲ ನೀರು ನುಗ್ಗಿ ಕೊಬ್ಬರಿ ಚೀಲ ನೆನೆಯಿತು. ಬೈದರು. ಬೈಯುವುದಕ್ಕೆ ಗಂಟಲು ಸವೆಯಲಿ, ಪರವಾಗಿಲ್ಲ ಅಂದುಕೊಂಡೆ.

ಆಮೇಲೆ ಕೂತು ಸಮಾಧಾನವಾಗಿ ಕೇಳಿದೆ, ಅಷ್ಟು ಆಸೆ ಯಾಕೆ ಅಂತ. ಇವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ದಿನಾ ಬೆಳಗಾದ್ರೆ ಮಂಡಿಗೆ ಹೋಗ್ತೀನಿ. ನಾನು ಒಂದು ಮಾತಾಡಿದ್ರೆ ಆ ಕಡೆಯೋನು ಸಾಕು ಬಿಡಿ ಸಾವ್ಕಾರ್ರೇ ಅಂತಾನೆ. ಮನೆಗೆ ಬಂದ್ರೆ ಮಕ್ಕಳು ಸಾಕು ಬಿಡಪ್ಪ ಅಂತವೆ. ಇನ್ನೊಂದ್ಸಲ ಹೇಳು ಅಂತ ನನಗೆ ಯಾರಾದ್ರೂ ಅಂದಿದ್ರೆ ಅದು ಆ ಜನ ಮಾತ್ರ ಕಣೇ."

ನಾನೂ ಎಷ್ಟೋ ಸಲ ಸಾಕು ಬಿಡಿ ಅಂದಿದ್ದೇನೆ.

ಹಾರದ ಉಪಾಯ ಒಳ್ಳೆಯದು. ಆದರೆ ನಿಜ ಹೇಳಲಾ, ನನಗೆ ಹಾರದ ಮೇಲೂ ನಂಬಿಕೆ ಇಲ್ಲ, ನಿನ್ನ ಹುಡುಗರ ಮೇಲೂ ಇಲ್ಲ. ನೀನು ಕೂತಿರುತ್ತೀಯಲ್ಲ, ಅದೊಂದರ ಮೇಲೆ ಉಸಿರಾಡುತ್ತಿದ್ದೇನೆ.

ದಾಕ್ಷಿ


ಅರೇಹಳ್ಳಿ
4-2-2025

ದಾಕ್ಷೀ,

ಉತ್ತರ ತಡವಾಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿ, ನನಗೂ ಸ್ವಲ್ಪ ಕೆಮ್ಮು.

ಎಲ್ಲ ವ್ಯವಸ್ಥೆ ಆಗಿದೆ. ಹಾರಕ್ಕೆ ಬೇಲೂರಿನಲ್ಲಿ ಹೇಳಿದ್ದೇನೆ.

ಒಂದು ಮಾತು ಸುಮ್ಮನೆ ಕೇಳುತ್ತೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡ. ಇಂದ್ರೇಶ್ ಅವರಿಗೆ ಅಷ್ಟೊಂದು ಆಸೆ ಇದ್ದರೆ, ಒಂದು ಸಲ ಪೂರ್ತಿ ಹಾಡಿ, ಎರಡನೇ ಸಲ ಮೆಲ್ಲಗೆ ಅರ್ಧ ಹಾಡಿದರೆ ಡಾಕ್ಟರು ಏನಾದರೂ ಅನ್ನುತ್ತಾರಾ? ಗೊತ್ತಿದ್ದರೆ ಬರೆ.

ಮಕ್ಕಳಿಗೆ ಆಶೀರ್ವಾದ.

ಇಂದುಧರ


ಜಾವಗಲ್
8-2-2025

ಅಣ್ಣಾ,

ಅರ್ಧ ಅನ್ನುವ ಮಾತು ನಿನ್ನ ತಲೆಗೆ ಎಲ್ಲಿಂದ ಬಂತು? ಇವರು ಯಾವತ್ತು ಯಾವುದನ್ನು ಅರ್ಧ ಹಾಡಿದ್ದಾರೆ? ಡಾಕ್ಟರು ಒಂದು ಸಲವೇ ಬೇಡ ಅಂದಿದ್ದಾರೆ ಅಂತ ಬರೆದಿರಲಿಲ್ಲವಾ?

ನನಗೆ ಗೊತ್ತು, ನಿನಗೆ ಅಳುಕು ಶುರುವಾಗಿದೆ. ಸಭೆಯಲ್ಲಿ ಎಲ್ಲರೂ ಹಿಂದಕ್ಕೆ ತಿರುಗಿ ನಿನ್ನನ್ನು ನೋಡುತ್ತಾರೆ, ಇಂದುಧರಪ್ಪ ಯಾಕೋ ಇವತ್ತು ತೆಪ್ಪಗೆ ಕೂತಿದ್ದಾನೆ, ತಂಗಿ ಗಂಡಂಗೂ ಇವನಿಗೂ ಆಗಿಬರೋದಿಲ್ಲ ಅಂತ ಆಡಿಕೊಳ್ಳುತ್ತಾರೆ, ಅದೇ ತಾನೇ? ಆಡಿಕೊಳ್ಳಲಿ. ಒಂದು ದಿನ ನಿನ್ನ ಹೆಸರು ಹೋದರೆ ಹೋಗಲಿ. ನನ್ನ ತಾಳಿ ನಿನ್ನ ಗಂಟಲಲ್ಲಿದೆ ಅಣ್ಣಾ, ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿಬಿಡೋಣ ಅಂತ ನಿನ್ನೆ ಹಳೇಬೀಡಿನ ಬಸ್ಸು ಹತ್ತಿದ್ದೆ. ಅರ್ಧ ದಾರಿಯಲ್ಲಿ ಇಳಿದುಬಿಟ್ಟೆ. ಹೇಳಿದರೆ ಆಪರೇಷನ್ ಇಲ್ಲ, ಹೇಳದಿದ್ದರೆ ಹೀಗೆ. ಅತ್ತ ದರಿ ಇತ್ತ ಪುಲಿ. ರಸ್ತೆ ಬದಿಯಲ್ಲಿ ನಿಂತು ವಾಪಸ್ಸು ಬಸ್ಸಿಗೆ ಕಾಯುವಾಗ ಶಾಲೆಯ ಮೈದಾನದಲ್ಲಿ ಮಕ್ಕಳು ಯಾತಕ್ಕೋ ಚಪ್ಪಾಳೆ ತಟ್ಟಿದರು. ನಾನು ಕಿವಿ ಮುಚ್ಚಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತೆ.

ನಾಟಕದ ದಿನ ನಾನು ಪರದೆಯ ಪಕ್ಕದಲ್ಲಿ ನೀರು ಹಿಡಿದು ನಿಂತಿರುತ್ತೇನೆ. ಅಲ್ಲಿಂದ ಸಭೆ ಕಾಣುವುದಿಲ್ಲ. ನೀನು ಕೂತಿದ್ದೀಯ ಅಂತ ನಂಬಿಕೊಂಡು ನಿಂತಿರುತ್ತೇನೆ.

ದಾಕ್ಷಿ


ಅರೇಹಳ್ಳಿ
12-2-2025

ದಾಕ್ಷೀ,

ಕೂತಿರುತ್ತೇನೆ. ನಮ್ಮ ಅಪ್ಪನ ಆಣೆ.

ಇಂದುಧರ


ಮೈಸೂರು
21-2-2025

ಅಣ್ಣಾ,

ಆಸ್ಪತ್ರೆಯಲ್ಲಿ ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಅಳು ಬರುತ್ತದೆ, ಇಲ್ಲಿ ಅಳುವವರನ್ನು ಹೊರಗೆ ಕಳಿಸುತ್ತಾರೆ.

ಜೀವ ಇದೆ. ಭಾನುವಾರ ರಾತ್ರಿಯೇ ಎದೆ ಕೊಯ್ದು ನಾಳಕ್ಕೆ ಬೇರೆ ತುಂಡು ಜೋಡಿಸಿದರು. ಇನ್ನೂ ಪೂರ್ತಿ ಎಚ್ಚರವಿಲ್ಲ, ಬಾಯೊಳಗೆ ಕೊಳವೆ ಇದೆ. ಒಳಗೆ ಬಿಟ್ಟಾಗ ಹೋಗಿ ಕಾಲು ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ವಾಪಸ್ಸು ಬಂದು ಕೂರುತ್ತೇನೆ.

ನೀನು ಸಭೆಯಲ್ಲಿದ್ದೆ, ನಾನು ವೇದಿಕೆಯ ಪಕ್ಕದಲ್ಲಿದ್ದೆ. ನಿನಗೆ ಕಾಣದ್ದನ್ನು ಹೇಳುತ್ತೇನೆ. ಮೊದಲನೇ ಸಲ ಹಾಡಿ ನಿಲ್ಲಿಸಿದಾಗ ಇವರು ನನ್ನ ಕಡೆ ತಿರುಗಿ, ಆಯ್ತು ಅನ್ನುವ ಹಾಗೆ ತಲೆ ಆಡಿಸಿದರು. ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದೆ. ಕುಮಾರಸ್ವಾಮಿ ಹಾರ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಿದ್ದ. ಸಭೆ ಸುಮ್ಮನಿತ್ತು. ನೀನು ಹೇಳಿದ ಆ ಒಂದು ಉಸಿರು ಅದೇ ಅಂತ ನನಗೆ ಗೊತ್ತಾಯಿತು. ಮುಗಿಯಿತು, ಗೆದ್ದೆವು ಅಂದುಕೊಂಡೆ.

ಆಗ ಯಾವನೋ ಒಬ್ಬ ಕೂಗಿದ. ಅವನ ಹಿಂದೆ ಸಭೆಯೆಲ್ಲ ಎದ್ದಿತು. ಶಿಳ್ಳೆ, ಚಪ್ಪಾಳೆ, ಕುರ್ಚಿ ಬಡಿಯುವುದು. ಕುಮಾರಸ್ವಾಮಿ ಹಾರ ಹಿಡಿದೇ ಹಿಂದಕ್ಕೆ ತಿರುಗಿ ನೋಡುತ್ತ ನಿಂತುಬಿಟ್ಟ. ಮೇಷ್ಟ್ರು ಪಲ್ಲವಿ ಎತ್ತಿದರು. ನಾನು ಬೇಡ ಬೇಡ ಅಂತ ಕೈ ಆಡಿಸಿದೆ. ಇವರು ನನ್ನನ್ನು ನೋಡಿದರು, ಜನರ ಕಡೆ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಆ ಮುಖವನ್ನು ನೋಡಿರಲಿಲ್ಲ. ಅಷ್ಟು ಸಂತೋಷವಾಗಿತ್ತು.

ಎರಡನೇ ಸಲ ಮೊದಲಿಗಿಂತ ಚೆನ್ನಾಗಿ ಹಾಡಿದರು. ತಾವೇ ನಡೆದು ಒಳಗೆ ಬಂದರು, ಕಿರೀಟ ತೆಗೆದು ನನ್ನ ಕೈಗೆ ಕೊಟ್ಟರು. "ಬೆನ್ನು ಸೀಳ್ದಂಗಾಯ್ತು ಕಣೇ" ಎಂದು ಪೆಟ್ಟಿಗೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಹಿಂದಿನ ಬಾಗಿಲಿನಿಂದ ಕಾರಿಗೆ ಹಾಕುವಾಗಲೂ ಚಪ್ಪಾಳೆ ನಿಂತಿರಲಿಲ್ಲ.

ಮೊದಲು ಕೂಗಿದವನು ಯಾರೋ, ನೋಡಿದೆಯಾ? ಅವನ ಬಾಯಿಗೆ ಮಣ್ಣು ಬೀಳಲಿ. ಅವನ ಮನೆ ಹಾಳಾಗಲಿ, ಆ ಮನೆಯ ದೀಪ ಆರಿಹೋಗಲಿ. ನನ್ನಂತೆ ಅವನ ಹೆಂಡತಿಯೂ ಬೆಂಚಿನ ಮೇಲೆ ಕೂತು ಕಾಲು ಬೆಚ್ಚಗಿದೆಯಾ ಅಂತ ಕಾಯಲಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಯಾರಿಗೂ ಕೆಟ್ಟದ್ದು ಬಯಸಬೇಡಿ ಅಂತ ಹೇಳಿಕೊಡುವವಳು ನಾನು. ಬಯಸುತ್ತಿದ್ದೇನೆ.

ನೀನು ಏನೂ ಅಂದುಕೊಳ್ಳಬೇಡ. ಅಷ್ಟು ಜನರ ನಡುವೆ ಒಬ್ಬನೇ ಏನು ಮಾಡುತ್ತೀಯ?

ದಾಕ್ಷಿ


ಮೈಸೂರು
3-3-2025

ಅಣ್ಣಾ,

ಕೊಳವೆ ತೆಗೆದರು. ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ದನಿ ಮಾತ್ರ ಬರುತ್ತಿಲ್ಲ. ಎದೆಯ ಹತ್ತಿರ ಗಂಟಲಿನ ನರವೂ ಹಾದುಹೋಗುತ್ತದಂತೆ, ಅದಕ್ಕೆ ಪೆಟ್ಟಾಗಿದೆ. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಈಗ ಬರೀ ಗಾಳಿಯಂತೆ ಪಿಸುಗುಡುತ್ತಾರೆ.

ಅತ್ತಿಗೆ ಎರಡು ಸಲ ಬಂದು ಹೋದರು. ಲಲಿತಮ್ಮ ಮಕ್ಕಳನ್ನು ಕರೆತಂದರು. ಮೇಷ್ಟ್ರು ಬಂದು ನನ್ನ ಮುಂದೆ ಮಗುವಿನ ಹಾಗೆ ಅತ್ತರು, ಗೊತ್ತಿದ್ದರೆ ಹಾರ್ಮೋನಿಯಂ ಮುಚ್ಚಿ ಎದ್ದುಹೋಗುತ್ತಿದ್ದೆ ಎಂದರು. ನೀನು ಮಾತ್ರ ಬರಲಿಲ್ಲ. ಅತ್ತಿಗೆಯನ್ನು ಕೇಳಿದರೆ ಸೆರಗಿನ ತುದಿ ನೋಡುತ್ತಾರೆ. ಆಸ್ಪತ್ರೆಯ ವಾಸನೆ ನಿನಗೆ ಆಗುವುದಿಲ್ಲ ಅಂತ ನನಗೆ ಗೊತ್ತು. ಆದರೂ ಬಾ. ಈ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬರು ಬೇಕು ಅನಿಸುತ್ತದೆ.

ದಾಕ್ಷಿ


ಅರೇಹಳ್ಳಿ
9-3-2025

ದಾಕ್ಷೀ,

ಇದನ್ನು ಹೇಮಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಮುಂದೆ ಓದಬೇಡ, ಅವಳು ಹೋದ ಮೇಲೆ ಓದು.

ಮೊದಲು ಕೂಗಿದವನು ನಾನು.

ನೀನು ಕಾಗದ ಹರಿದು ಹಾಕದೆ ಮುಂದಕ್ಕೆ ಓದುತ್ತೀಯ ಅಂತ ನಂಬಿ ಬರೆಯುತ್ತೇನೆ. ಜನವರಿ ಕೊನೆಯಲ್ಲಿ ಇಂದ್ರೇಶ್ ನಮ್ಮ ಅಂಗಡಿಗೆ ಬಂದಿದ್ದರು. ಎಳನೀರು ಕೊಟ್ಟರೆ ಕುಡಿಯಲಿಲ್ಲ. "ಭಾವ, ನಿಮ್ಮ ತಂಗಿ ನಿಮಗೆ ಎಲ್ಲಾ ಹೇಳಿರ್ತಾಳೆ, ನಂಗೊತ್ತು. ಅವಳನ್ನ ನಾನೇನೂ ಅನ್ನಲ್ಲ. ಆಪರೇಷನ್ ಆದ್ಮೇಲೆ ಹಾಡೋಕಾಯ್ತದೋ ಇಲ್ವೋ, ಬದುಕೇ ಇರ್ತೀನೋ ಇಲ್ವೋ. ನಿಮ್ಮ ಕೂಗು ಬೀಳದ ಸಭೇಲಿ ಹಾಡಿದ್ರೆ ನಾನು ಹಾಡಿದಂಗೇ ಅಲ್ಲ. ಒಂದ್ಸಲ ಎದ್ದುಬಿಡಿ ಭಾವ" ಎಂದರು. ನಾನು ಆಯ್ತು ಅಂದೆ. ನಿನಗೂ ಆಯ್ತು ಅಂದಿದ್ದೆ, ಅವರಿಗೂ ಆಯ್ತು ಅಂದೆ. ಆಮೇಲೆ ಬರೆದ ಕಾಗದದಲ್ಲಿ ಅರ್ಧ ಹಾಡಿದರೆ ಹೇಗೆ ಅಂತ ಕೇಳಿದ್ದು ಅದಕ್ಕೇ.

ಆದರೆ ಅವರು ಕೇಳಿದರು ಅಂತ ನಾನು ಕೂಗಲಿಲ್ಲ. ಹಾಗೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳುವುದಿಲ್ಲ. ನಿನ್ನ ಮಾತು ಉಳಿಸಬೇಕು ಅಂತಲೇ ನಿರ್ಧಾರ ಮಾಡಿ ಹಳೇಬೀಡಿಗೆ ಹೊರಟೆ. ಮೂರನೇ ಸಾಲಿನಲ್ಲಿ ಕೂತೆ. ಹಾಡು ಶುರುವಾಗುವ ಮುಂಚೆ ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡೆ, ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ. ಪಕ್ಕದಲ್ಲಿದ್ದ ಹುಡುಗ ನಕ್ಕ.

ದಾಕ್ಷೀ, ನಾನು ನೂರಾರು ನಾಟಕ ನೋಡಿದ್ದೇನೆ. ಅಂಥ ಹಾಡು ಕೇಳಿರಲಿಲ್ಲ. ಕೊನೆಯಲ್ಲಿ ಆ ಎಳೆಯುವ ಜಾಗ ಬಂತಲ್ಲ, ಇನ್ನು ಉಸಿರು ಸಾಲದು, ಈಗ ದನಿ ಬೀಳುತ್ತದೆ ಅಂತ ಎಲ್ಲರೂ ಉಸಿರು ಹಿಡಿದಾಗ ಅವರು ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿ ನಿಂತರು. ನಿಂತೇ ಇದ್ದರು. ನನಗೆ ಕಣ್ಣಲ್ಲಿ ನೀರು ಬಂತು. ಹಾಡು ನಿಂತಿತು. ಆ ಹೊತ್ತಿನಲ್ಲಿ ನನಗೆ ನೀನು ನೆನಪಿರಲಿಲ್ಲ. ಅಪ್ಪನ ಆಣೆ ನೆನಪಿರಲಿಲ್ಲ. ವೇದಿಕೆಯ ಮೇಲಿರುವುದು ನಮ್ಮ ಇಂದ್ರೇಶ್, ಅವರ ಎದೆಯಲ್ಲಿ ಏನೋ ಇದೆ ಅನ್ನುವುದೂ ನೆನಪಿರಲಿಲ್ಲ. ನಾನು ಎದ್ದು ನಿಂತಿದ್ದೇನೆ ಅಂತ ನನಗೆ ಗೊತ್ತಾಗಿದ್ದು ನನ್ನ ಕೂಗು ನನ್ನ ಕಿವಿಗೇ ಬಿದ್ದ ಮೇಲೆ. ಆ ಮಂದ ಕಿವಿಗೂ ಬಿತ್ತು.

ಕೂಡಲೇ ಕೂತೆ. ಕೂರಿ ಕೂರಿ ಅಂತ ಅಕ್ಕಪಕ್ಕದವರನ್ನು ಎಳೆದೆ. ಯಾರು ಕೇಳುತ್ತಾರೆ? ಎರಡನೇ ಸಲ ಅವರು ಹಾಡುತ್ತಿದ್ದಷ್ಟು ಹೊತ್ತೂ ನಾನು ಕುರ್ಚಿಗಳ ನಡುವೆ ತಲೆ ಬಗ್ಗಿಸಿ ಕೂತಿದ್ದೆ. ಆಮೇಲೆ ನೋಡಿಕೊಂಡರೆ ಬಿಳಿ ಅಂಗಿಯ ಮೇಲೆಲ್ಲ ಎಲೆಅಡಿಕೆಯ ಕೆಂಪು. ಹೊರಗೆ ಒಬ್ಬರು, ನಿಮಗೆ ಪೆಟ್ಟಾಯಿತೇನ್ರೀ ಅಂತ ಕೇಳಿದರು.

ಹೇಮಾ ನಿನ್ನ ಫೆಬ್ರವರಿಯ ಕಾಗದವನ್ನು ಓದಿದ್ದಾಳೆ. ನೀನು ಹಾಕಿದ ಶಾಪವನ್ನೂ ಓದಿದ್ದಾಳೆ. ಅವತ್ತಿನಿಂದ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಲೇ ಇರುತ್ತಾಳೆ, ಹಗಲೂ ಆರಲು ಬಿಡುವುದಿಲ್ಲ. ನೀನು ಹಾಕಿದ ಶಾಪ ಸರಿಯಾಗಿಯೇ ಇದೆ. ಆದರೆ ಅವಳು ಏನೂ ಮಾಡಿಲ್ಲ ದಾಕ್ಷೀ. ಅವಳನ್ನು ಬಿಟ್ಟುಬಿಡು.

ಇಂದುಧರ


ಜಾವಗಲ್
20-4-2025

ಅಣ್ಣಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಬಾರದು ಅಂತಲೇ ಇದ್ದೆ.

ನಿನ್ನ ಕಾಗದ ಓದಿ ನಾನು ಅಳಲಿಲ್ಲ, ಬೈಯಲೂ ಇಲ್ಲ. ಮಡಿಸಿ ಇಟ್ಟೆ. ಆಮೇಲೆ ಒಂದು ಮಾತು ಹೊಳೆಯಿತು, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆ ಕೂಗು ನಿನ್ನದೆಂದು ನನಗೆ ಅವತ್ತೇ ಗೊತ್ತಿತ್ತು ಅಂತ ಕಾಣುತ್ತದೆ. ಹುಟ್ಟಿದಾಗಿನಿಂದ ಕೇಳಿದ ದನಿ ಪರದೆಯ ಆಚೆಯಿಂದ ಬಂದರೆ ಗೊತ್ತಾಗುವುದಿಲ್ಲವಾ? ಗೊತ್ತಾಗಿಯೂ ಯಾವನೋ ಅಂತ ಬರೆದೆ. ತವರು ತಣ್ಣಗಿರಲಿ ಅಂತ ದಿನಾ ಬೇಡಿಕೊಳ್ಳಬೇಕಾದವಳು ತವರಿನ ದೀಪ ಆರಲಿ ಅಂತ ಬರೆದು, ಅಂಚೆಚೀಟಿ ಹಚ್ಚಿ, ತವರಿಗೇ ಕಳಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತಿಗೆಗೆ ಹೇಳು, ನಾನೂ ಇಲ್ಲಿ ಆ ಮನೆಯ ಹೆಸರಲ್ಲಿ ದಿನಾ ದೀಪ ಹಚ್ಚುತ್ತಿದ್ದೇನೆ. ಅದರಿಂದ ಏನಾದರೂ ಆಗುತ್ತದೋ ಇಲ್ಲವೋ, ಭಯಕ್ಕೆ ಹಚ್ಚುತ್ತೇನೆ.

ನಿನ್ನನ್ನು ಕ್ಷಮಿಸಿದ್ದೇನಾ ಅಂತ ಕೇಳಬೇಡ. ಕೆಲವು ದಿನ ಹೌದು ಅನಿಸುತ್ತದೆ, ಕೆಲವು ದಿನ ಅನಿಸುವುದಿಲ್ಲ.

ಇವರು ನಡೆದಾಡುತ್ತಾರೆ, ಒಂದು ಮುದ್ದೆ ಉಣ್ಣುತ್ತಾರೆ, ಮಂಡಿಗೆ ಹೋಗುವುದಿಲ್ಲ. ದನಿ ಬರಲಿಲ್ಲ. ಇನ್ನು ಬರುವುದಿಲ್ಲ ಅಂತ ಡಾಕ್ಟರು ಕಳೆದ ವಾರ ಹೇಳಿದರು. ಮನೆಗೆ ಬಂದ ದಿನವೇ ಇವರು ಪಿಸುದನಿಯಲ್ಲಿ ನನಗೆ ಹೇಳಿದರು, "ಮೊದಲು ಎದ್ದಿದ್ದು ಭಾವ ಕಣೇ. ಮೇಲಿಂದ ನೋಡ್ದೆ. ಕಣ್ಣಲ್ಲಿ ನೀರಿತ್ತು." ಆ ಮಾತು ಹೇಳಲು ಎರಡು ಸಲ ನಿಂತು ಉಸಿರೆಳೆದುಕೊಂಡರು. ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಲಲಿತಮ್ಮನ ಮೊಮ್ಮಗಳು ಶಿಲ್ಪಾ ಅವತ್ತಿನ ಹಾಡನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಇವರಿಗೆ ಕಳಿಸಿದಳು. ಈಗ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಜಗುಲಿಯಲ್ಲಿ ಕೂತು ಅದನ್ನೇ ಹಾಕುತ್ತಾರೆ. ನಾನು ಒಳಗೆ ರೊಟ್ಟಿ ತಟ್ಟುತ್ತಿರುತ್ತೇನೆ. ಹಾಡು ಮುಗಿಯುತ್ತದೆ. ಆಮೇಲೆ ಏನೂ ಇಲ್ಲದ ಆ ಒಂದು ಉಸಿರು ಬರುತ್ತದೆ. ನನ್ನ ಕೈ ನಿಂತುಬಿಡುತ್ತದೆ. ಮುಗಿದುಹೋದ ವಿಷಯ, ಇವರು ಜಗುಲಿಯಲ್ಲಿ ಜೀವಂತ ಕೂತಿದ್ದಾರೆ, ಎಲ್ಲ ಗೊತ್ತು. ಆದರೂ ಪ್ರತಿ ದಿನ ಒಲೆಯ ಮುಂದೆ ನಿಂತು ಬೇಡ ಅಣ್ಣಾ, ಕೂತಿರು ಅನ್ನುತ್ತೇನೆ. ಪ್ರತಿ ದಿನವೂ ನೀನು ಕೂಗುತ್ತೀಯ.

ಬರುವ ಭಾನುವಾರ ಬಾ. ಅತ್ತಿಗೆಯನ್ನೂ ಕರೆದುಕೊಂಡು ಬಾ. ಕಾರಣ ಕೊಡಬೇಡ, ಕಾಲಿಗೆ ಬೀಳಬೇಡ. ಜಗುಲಿಯಲ್ಲಿ ಕೂತು ಮಳೆ ಆಯ್ತಾ, ಬಸ್ಸು ರಶ್ ಇತ್ತಾ ಅಂತ ಏನಾದರೂ ಮಾತಾಡು. ಆ ಕೂಗು ಕೇಳಿ ಕೇಳಿ, ನಿನ್ನ ಬೇರೆ ದನಿ ಹೇಗಿತ್ತು ಅನ್ನುವುದೇ ನನಗೆ ಮರೆತುಹೋಗುತ್ತಿದೆ.

ದಾಕ್ಷಿ